ಕೈಮರ ಕಿತ್ತರೆ ದಾರಿ ತಪ್ಪುವವರು ಯಾರು?

ಸಾರಿಗೆಯ ನಕ್ಷೆ, ವೇಳಾಪಟ್ಟಿಗಳನ್ನು ಕಾಯುತ್ತಿರುವ ಅಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ನಿಮ್ಮ ಕಚೇರಿಯಿಂದ ಬಂದ ಒಂದು ಸಾಲಿನ ಉತ್ತರ ನನ್ನ ಮೇಜಿನ ಮೇಲಿದೆ. ‘ಭದ್ರತೆಯ ದೃಷ್ಟಿಯಿಂದ ಕೋರಿರುವ ಮಾಹಿತಿಯನ್ನು ಒದಗಿಸಲು ಅವಕಾಶವಿರುವುದಿಲ್ಲ.’ ನಾವು ಕೇಳಿದ್ದು ನಮ್ಮ ತಾಲ್ಲೂಕಿನಲ್ಲಿ ಬಸ್ಸು ನಿಲ್ಲುವ ಜಾಗಗಳ ಪಟ್ಟಿ, ಅವುಗಳ ಅಕ್ಷಾಂಶ ರೇಖಾಂಶ, ಯಾವ ಬಸ್ಸು ಯಾವ ದಾರಿ ಹಿಡಿದು ಎಷ್ಟು ಹೊತ್ತಿಗೆ ಎಲ್ಲಿ ಹಾದುಹೋಗುತ್ತದೆ ಎಂಬ ವಿವರ. ಅಷ್ಟೇ. ಕಚೇರಿಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಒಬ್ಬರನ್ನು ದೂರುವುದು ನನ್ನ ಉದ್ದೇಶವಲ್ಲ. ಬಸ್ಸು, ರೈಲು, ಮೆಟ್ರೊಗಳ ಮಾಹಿತಿ ಯಾರ ಕೈಯಲ್ಲಿದೆಯೋ ಅವರೆಲ್ಲರೂ ಓದಲಿ ಎಂದು ಈ ಪತ್ರ.

ನಾನು ಮಲೆನಾಡಿನ ಒಂದು ಪದವಿಪೂರ್ವ ಕಾಲೇಜಿನಲ್ಲಿ ಭೂಗೋಳ ಪಾಠ ಮಾಡುವವಳು. ಹೋದ ವರ್ಷ ಸಾರಿಗೆ, ಸಂಪರ್ಕದ ಅಧ್ಯಾಯ ಮುಗಿದ ಮೇಲೆ ಮಕ್ಕಳಿಗೆ ಹೇಳಿದೆ: ಸೂಯೆಜ್ ಕಾಲುವೆ ಓದಿದಿರಿ, ಟ್ರಾನ್ಸ್ ಸೈಬೀರಿಯನ್ ರೈಲುದಾರಿ ಓದಿದಿರಿ, ಈಗ ನಿಮ್ಮನ್ನು ದಿನಾ ಕಾಲೇಜಿಗೆ ತರುವ ಬಸ್ಸುಗಳ ನಕ್ಷೆ ಬರೆಯೋಣ. ಮೂರು ಶನಿವಾರ ಮಧ್ಯಾಹ್ನ ಹದಿನಾಲ್ಕು ಮಕ್ಕಳು ಉದ್ದ ನೋಟುಪುಸ್ತಕ ಹಿಡಿದು ಬಸ್ ನಿಲ್ದಾಣದಲ್ಲಿ ಕೂತರು. ಕಂಟ್ರೋಲರ್ ತಮ್ಮ ರಿಜಿಸ್ಟರು ತೆಗೆದು ತೋರಿಸಿದರು. ನಿವೃತ್ತಿ ಹತ್ತಿರವಿದ್ದ ಕಂಡಕ್ಟರೊಬ್ಬರು ಘಟ್ಟದ ಕೆಳಗಿನವರೆಗಿನ ಸ್ಟೇಜುಗಳನ್ನೆಲ್ಲ ಮಗ್ಗಿ ಒಪ್ಪಿಸುವ ಹಾಗೆ ಒಪ್ಪಿಸಿದರು. ಖಾಸಗಿ ಬಸ್ಸಿನ ಏಜೆಂಟರು ತಾವಾಗಿಯೇ ಬಂದು, ‘ನಮ್ಮ ಆರೂಮುಕ್ಕಾಲಿನ ಗಾಡಿ ಬಿಟ್ಟುಹೋಗಿದೆ, ಬರ್ಕೊಳ್ಳಿ’ ಎಂದರು. ಯಾರೂ ಯಾವುದನ್ನೂ ಮುಚ್ಚಿಡಲಿಲ್ಲ. ಮುಚ್ಚಿಟ್ಟರೆ ಬಸ್ಸಿಗೆ ಜನ ಹತ್ತುವುದಾದರೂ ಹೇಗೆ?

ಆದರೂ ಪಟ್ಟಿ ಅರ್ಧಕ್ಕೇ ನಿಂತಿತು. ನಮ್ಮ ಕಡೆ ಬಸ್ಸು ನಿಲ್ಲುವ ಎಷ್ಟೋ ಜಾಗಗಳಿಗೆ ತಂಗುದಾಣವಿಲ್ಲ, ಬೋರ್ಡಿಲ್ಲ. ಯಾರದೋ ತೋಟದ ಉಣುಗೋಲಿನ ಹತ್ತಿರ, ಯಾವುದೋ ಮೋರಿಯ ಪಕ್ಕ ಕೈ ಮಾಡಿದರೆ ನಿಲ್ಲುತ್ತದೆ. ಅವುಗಳಲ್ಲಿ ಯಾವುದು ಸಂಸ್ಥೆಯ ಲೆಕ್ಕದಲ್ಲಿ ನಿಲುಗಡೆ, ಯಾವುದು ಡ್ರೈವರ್ ಅಣ್ಣನ ದಯೆ ಎಂಬುದು ನಿಮ್ಮ ಕಚೇರಿಗೆ ಮಾತ್ರ ಗೊತ್ತು. ಅದಕ್ಕೇ ಅರ್ಜಿ ಹಾಕಿದೆವು.

ಆ ಅರ್ಧ ಪಟ್ಟಿಯೇ ಏನು ಮಾಡಿತು ಎಂಬುದನ್ನು ನಿಮಗೆ ಹೇಳಬೇಕು. ನನ್ನ ವಿದ್ಯಾರ್ಥಿನಿಯೊಬ್ಬಳು ಒಂದೂವರೆ ವರ್ಷದಿಂದ ಕೊನೆಯ ತರಗತಿ ಬಿಟ್ಟು ಓಡುತ್ತಿದ್ದಳು. ಅವಳ ಊರಿಗೆ ನಾಲ್ಕು ಗಂಟೆಯದೇ ಕೊನೆಯ ಬಸ್ಸು ಎಂದು ಮನೆಯವರೆಲ್ಲ ನಂಬಿದ್ದರು. ಪಟ್ಟಿ ಜೋಡಿಸುವಾಗ ಗೊತ್ತಾಯಿತು: ಐದೂವರೆಗೆ ಹೊರಡುವ ಒಂದು ಹಾಲ್ಟ್ ಬಸ್ಸು ಬೇರೆ ಊರಿಗೆ ಬೇರೆ ದಾರಿಯಲ್ಲಿ ಹೋಗುತ್ತದೆ, ಆದರೆ ಅವಳ ಮನೆಯ ಹಿಂದಿನ ಗುಡ್ಡದ ಆಚೆಯ ಕ್ರಾಸಿನಲ್ಲಿ ಹಾಯುತ್ತದೆ. ಅಲ್ಲಿಂದ ಮನೆಗೆ ಕಾಲುದಾರಿಯಲ್ಲಿ ಇಪ್ಪತ್ತು ನಿಮಿಷ. ಬೋರ್ಡಿನ ಮೇಲೆ ಆ ಬಸ್ಸಿಗೆ ಅದು ತಲುಪುವ ಊರಿನ ಹೆಸರು ಮಾತ್ರ ಇತ್ತು. ನಡುವೆ ಯಾವ ಕ್ರಾಸು ಸಿಗುತ್ತದೆ ಎಂದು ಇರಲಿಲ್ಲ. ಅಪ್ಪ ಕ್ರಾಸಿಗೆ ಬಂದು ಕಾಯುವುದೆಂದು ತೀರ್ಮಾನವಾಗಿ ಈಗ ಅವಳು ಕೊನೆಯ ಪೀರಿಯಡ್ಡಿನಲ್ಲೂ ಕೂರುತ್ತಾಳೆ. ಮಾನ್ಯರೇ, ಆ ಬಸ್ಸು ಹಲವು ವರ್ಷಗಳಿಂದ ಓಡುತ್ತಿತ್ತು.

ಹಾಗೆಂದು ಭದ್ರತೆಯ ಮಾತನ್ನು ತಳ್ಳಿಹಾಕಲು ನಾನು ಈ ಪತ್ರ ಬರೆಯುತ್ತಿಲ್ಲ. 2006ರ ಜುಲೈ 11ರ ಸಂಜೆ ಮುಂಬೈಯ ಲೋಕಲ್ ರೈಲುಗಳಲ್ಲಿ ಕೆಲವೇ ನಿಮಿಷಗಳ ಅಂತರದಲ್ಲಿ ಏಳು ಬಾಂಬುಗಳು ಸಿಡಿದದ್ದನ್ನು ಮರೆತು ಯಾರೂ ಈ ವಿಷಯ ಮಾತಾಡಬಾರದು. 2008ರ ನವೆಂಬರಿನಲ್ಲಿ ಛತ್ರಪತಿ ಶಿವಾಜಿ ಟರ್ಮಿನಸ್ಸಿನಲ್ಲಿ ಊರಿಗೆ ಹೊರಟು ಕೂತಿದ್ದವರ ಮೇಲೆ ಗುಂಡು ಹಾರಿತು. ಇಂಥದ್ದು ಇನ್ನೊಮ್ಮೆ ಆದರೆ ಉತ್ತರ ಕೊಡಬೇಕಾದವರು ನೀವು. ಆ ಭಾರ ನನ್ನ ಹೆಗಲ ಮೇಲಿಲ್ಲ. ಫೈಲಿನ ಮೇಲೆ ‘ಬೇಡ’ ಎಂದು ಬರೆಯುವಾಗ ನಿಮ್ಮ ಮನಸ್ಸಿನಲ್ಲಿ ನಿಜವಾದ ಆತಂಕವೇ ಇದ್ದಿರಬಹುದು. ಆದರೆ ಆ ‘ಬೇಡ’ದಿಂದ ಯಾರ ಕೈ ಕಟ್ಟಿದ ಹಾಗಾಯಿತು ಎಂದು ನೋಡಬೇಡವೇ?

2008ರ ಆ ಮುಂಬೈ ದಾಳಿಗೆ ಮುಂಚೆ, ಸಂಚಿನಲ್ಲಿ ಸೇರಿದ್ದ ಡೇವಿಡ್ ಹೆಡ್ಲಿ ಹಲವು ಬಾರಿ ಬಂದು, ಹೋಟೆಲುಗಳಲ್ಲಿ ತಂಗಿ, ವಿಡಿಯೊ ತೆಗೆದು, ದೋಣಿಯಲ್ಲಿ ಸುತ್ತಿ, ಜಿಪಿಎಸ್ ಉಪಕರಣದಲ್ಲಿ ಜಾಗಗಳನ್ನು ಗುರುತು ಹಾಕಿಕೊಂಡು ಹೋದ ಎಂಬುದು ನ್ಯಾಯಾಲಯಗಳಲ್ಲಿ ದಾಖಲಾಗಿದೆ. ಕೆಡುಕು ಮಾಡಲು ಹೊರಟವನಿಗೆ ಹಣವಿರುತ್ತದೆ, ಸಮಯವಿರುತ್ತದೆ, ಕಣ್ಣಾರೆ ನೋಡಿ ಹೋಗುವ ತಾಳ್ಮೆಯಿರುತ್ತದೆ. 2001ರ ಸೆಪ್ಟೆಂಬರ್ 11ರ ನಂತರ ಅಮೆರಿಕದಲ್ಲೂ ಇದೇ ಪ್ರಶ್ನೆ ಎದ್ದಿತ್ತು. ಸಾರ್ವಜನಿಕರಿಗೆ ಸಿಗುವ ಭೂಮಾಹಿತಿಯಿಂದ ದಾಳಿಕೋರರಿಗೆ ಎಷ್ಟು ನೆರವಾಗುತ್ತದೆ ಎಂದು ರ‍್ಯಾಂಡ್ ಸಂಸ್ಥೆ ಅಧ್ಯಯನ ಮಾಡಿ 2004ರಲ್ಲಿ ವರದಿ ಕೊಟ್ಟಿತು. ಪರಿಶೀಲಿಸಿದ್ದು ಅಲ್ಲಿನ ಕೇಂದ್ರ ಸರ್ಕಾರದ 629 ದತ್ತಾಂಶ ಸಂಗ್ರಹಗಳನ್ನು. ದಾಳಿಕೋರನಿಗೆ ಪ್ರಯೋಜನಕ್ಕೆ ಬರಬಹುದೆಂದು ಕಂಡವು ಶೇಕಡ 6ಕ್ಕಿಂತ ಕಡಿಮೆ. ಅದಿಲ್ಲದೆ ಅವನ ಕೆಲಸವೇ ಸಾಗದು ಎನ್ನುವಂಥದ್ದು ಒಂದೂ ಇರಲಿಲ್ಲ. ಅವನಿಗೆ ಬೇಕಾದದ್ದು ಕಾವಲುಗಾರ ಯಾವಾಗ ಬದಲಾಗುತ್ತಾನೆ, ಯಾವ ಬಾಗಿಲಿಗೆ ಬೀಗವಿಲ್ಲ ಎಂಬಂಥ ಹತ್ತಿರದ ವಿವರ. ಅದು ನಕ್ಷೆಯಲ್ಲಿ ಸಿಗುವುದಲ್ಲ.

ನಮ್ಮ ಕಡೆ ದಾರಿ ಕವಲೊಡೆಯುವಲ್ಲಿ ಒಂದು ಕಂಬ ನೆಟ್ಟು, ಅದಕ್ಕೆ ಕೈಗಳ ಹಾಗೆ ಹಲಗೆ ಹೊಡೆದು ಊರುಗಳ ಹೆಸರು ಬರೆಯುತ್ತಿದ್ದರು. ಅದಕ್ಕೆ ಕೈಮರ ಎನ್ನುತ್ತೇವೆ. ಎಷ್ಟೋ ಕಡೆ ಕಂಬ ಹೋಗಿ ಹೆಸರು ಉಳಿದಿದೆ. ಚಿಕ್ಕಮಗಳೂರಿನಿಂದ ಬಾಬಾಬುಡನ್‌ಗಿರಿ ಕಡೆ ಹೊರಟರೆ ಕೈಮರ ಎಂಬ ಊರೇ ಸಿಗುತ್ತದೆ. ಇಂಥ ಕೈಮರಗಳನ್ನೆಲ್ಲ ಒಂದು ದೇಶ ಒಮ್ಮೆ ಕಿತ್ತುಹಾಕಿತ್ತು. 1940ರಲ್ಲಿ ಫ್ರಾನ್ಸ್ ಬಿದ್ದು, ಜರ್ಮನ್ ಸೇನೆ ಇಂದೋ ನಾಳೆಯೋ ಕಡಲು ದಾಟಿ ಬರುತ್ತದೆಂಬ ಭಯದಲ್ಲಿ ಬ್ರಿಟನ್ ತನ್ನ ರಸ್ತೆಗಳ ದಾರಿಸೂಚಕ ಕಂಬಗಳನ್ನು ಕಿತ್ತಿತು, ರೈಲು ನಿಲ್ದಾಣಗಳ ಹೆಸರಿನ ಫಲಕಗಳನ್ನು ತೆಗೆಸಿತು. ಶತ್ರು ಬರಲೇ ಇಲ್ಲ. ದಾರಿ ತಪ್ಪಿದವರು ಅಲ್ಲಿಯವರೇ. ಕತ್ತಲೆ ಮಾಡಿದ ರೈಲಿನಲ್ಲಿ ಕೂತವರು ಯಾವ ಸ್ಟೇಷನ್ನು ಬಂತೆಂದು ಪಕ್ಕದವರನ್ನು ಕೇಳಬೇಕಾಯಿತು. ಇತ್ತ ಜರ್ಮನರು ಬ್ರಿಟನ್ನಿನ ಸರ್ವೆ ನಕ್ಷೆಗಳನ್ನೇ ನಕಲು ಮಾಡಿ ಅಚ್ಚು ಹಾಕಿ ಇಟ್ಟುಕೊಂಡಿದ್ದರು.

ಆ ಸರ್ಕಾರವನ್ನು ನಾನು ಹಳಿಯಲಾರೆ. ಎದುರಿಗೆ ನಿಂತ ಶತ್ರುವಿಗೆ ಹೆಸರಿತ್ತು, ಬರುವ ದಿಕ್ಕು ಗೊತ್ತಿತ್ತು. ಅಪಾಯ ಇಳಿಯುತ್ತಿದ್ದಂತೆ, ಯುದ್ಧ ಮುಗಿಯುವ ಮುಂಚೆಯೇ, ಕಂಬಗಳನ್ನು ಮತ್ತೆ ನೆಡತೊಡಗಿದರು. ನನ್ನ ಮೇಜಿನ ಮೇಲಿರುವ ಒಂದು ಸಾಲಿನಲ್ಲಿ ಅಪಾಯಕ್ಕೆ ಹೆಸರಿಲ್ಲ, ನಿರ್ಬಂಧಕ್ಕೆ ಕೊನೆಯ ದಿನವೂ ಇಲ್ಲ.

ನಮ್ಮಲ್ಲಿ ನಕ್ಷೆಯ ಮೇಲಿನ ಅಂಜಿಕೆಗೆ ಹಳೆಯ ಬೇರಿದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಬೆನ್ನಿಗೇ ಕಂಪನಿ ಸರ್ಕಾರ ಮಾಡಿದ ಕೆಲಸಗಳಲ್ಲಿ ಮೈಸೂರು ಸೀಮೆಯ ಅಳತೆಯೂ ಒಂದು. ಕಾಲಿನ್ ಮೆಕೆಂಝಿ ಊರೂರು ಅಳೆಯಲು ಹೊರಟ. ವಿಲಿಯಂ ಲ್ಯಾಂಬ್ಟನ್ 1800ರಲ್ಲಿ ಬೆಂಗಳೂರಿನ ಬಳಿ ಆಧಾರರೇಖೆ ಎಳೆದ. ಗೆದ್ದ ನೆಲವನ್ನು ಹಿಡಿದಿಡಲು ಮಾಡಿಸಿದ ನಕ್ಷೆ ಅದು. ಆಳುವವನ ಪೆಟ್ಟಿಗೆಯಲ್ಲಿ ಇರಬೇಕಾದ ವಸ್ತು ಎಂದು ಅವರು ತಿಳಿದದ್ದರಲ್ಲಿ ಅರ್ಥವಿದೆ. ಸ್ವತಂತ್ರರಾದ ಮೇಲೂ ನಾವು ಆ ಪೆಟ್ಟಿಗೆಯನ್ನು ಪೂರ್ತಿ ತೆರೆಯಲಿಲ್ಲ. ಗಡಿ ಮತ್ತು ಕರಾವಳಿಯಿಂದ ಸುಮಾರು 80 ಕಿಲೋಮೀಟರ್ ಒಳಗಿನ ಪ್ರದೇಶದ ಸ್ಥಳವಿವರ ನಕ್ಷೆಗಳು ದಶಕಗಳ ಕಾಲ ನಿರ್ಬಂಧಿತವಾಗಿದ್ದವು. ಕಾರವಾರ, ಹೊನ್ನಾವರ, ಕುಂದಾಪುರ, ಮಂಗಳೂರು, ಘಟ್ಟದ ಮೇಲಿನ ಆಗುಂಬೆಯೂ ಆ ಪಟ್ಟೆಯೊಳಗೇ ಬೀಳುತ್ತವೆ. ಅದೇ ಹೊತ್ತಿಗೆ ಅಮೆರಿಕದ ಸೇನೆ 1950ರ ದಶಕದಲ್ಲಿ ತನಗಾಗಿ ಅಚ್ಚು ಹಾಕಿಸಿದ ಭಾರತದ ನಕ್ಷೆಗಳು, ರಸ್ತೆ, ರೈಲುಹಳಿ, ಊರು, ಹೊಳೆ ಎಲ್ಲವನ್ನೂ ತೋರಿಸುವಂಥವು, ಟೆಕ್ಸಾಸ್ ವಿಶ್ವವಿದ್ಯಾಲಯದ ಗ್ರಂಥಾಲಯದ ಮೂಲಕ ಲೋಕದ ಯಾರಿಗೆ ಬೇಕಾದರೂ ಸಿಗುವಂತಾದವು. ಪಶ್ಚಿಮ ಘಟ್ಟದ ಚಾರಣಿಗರು ತಮ್ಮ ಕಾಡಿನ ದಾರಿಯನ್ನು ಆ ನಕ್ಷೆಗಳಲ್ಲಿ ಹುಡುಕಿದ್ದಾರೆ. ಪರದೇಶದ ಸೈನ್ಯದ ನಕ್ಷೆ ಸಿಕ್ಕಿತು, ನಮ್ಮದು ಸಿಗಲಿಲ್ಲ. ಇದನ್ನು ತರಗತಿಯಲ್ಲಿ ಹೇಳುವಾಗ ನನಗೆ ಪ್ರತಿ ಸಲವೂ ನೋವಾಗುತ್ತದೆ.

ದೇಶ ನಿಂತಲ್ಲೇ ನಿಂತಿಲ್ಲ. 2005ರ ರಾಷ್ಟ್ರೀಯ ನಕ್ಷಾ ನೀತಿ ರಕ್ಷಣೆಗೊಂದು, ಜನರಿಗೊಂದು ಎಂದು ಎರಡು ಸರಣಿ ಮಾಡಿತು. 2016ರ ಜನವರಿಯಲ್ಲಿ ಪಠಾಣ್‌ಕೋಟ್ ದಾಳಿಯಾದ ಮೇಲೆ, ಅದೇ ವರ್ಷದ ಮೇ ತಿಂಗಳಲ್ಲಿ ಬಂದ ಕರಡು ಮಸೂದೆಯೊಂದು ಅನುಮತಿಯಿಲ್ಲದೆ ಭೂಮಾಹಿತಿ ಸಂಗ್ರಹಿಸುವವರಿಗೆ 100 ಕೋಟಿ ರೂಪಾಯಿವರೆಗೆ ದಂಡ, 7 ವರ್ಷದವರೆಗೆ ಸೆರೆ ಎಂದಿತು. ವಿರೋಧ ಬಂತು, ಅದು ಕಾಯ್ದೆಯಾಗಲಿಲ್ಲ. 2021ರ ಫೆಬ್ರುವರಿ 15ರಂದು ಕೇಂದ್ರ ಸರ್ಕಾರ ಹೊರಡಿಸಿದ ಮಾರ್ಗಸೂಚಿಯಂತೂ ಭಾರತೀಯರು ನಕ್ಷೆ ಮಾಡಲು, ಹಂಚಲು ಮುಂಚಿತ ಅನುಮತಿ ಬೇಕಿಲ್ಲ ಎಂದೇ ಹೇಳಿತು. ಜಗತ್ತಿಗೆಲ್ಲ ಸುಲಭವಾಗಿ ಸಿಗುವುದನ್ನು ಇಲ್ಲಿ ಮಾತ್ರ ಕಟ್ಟಿಹಾಕುವುದರಲ್ಲಿ ಅರ್ಥವಿಲ್ಲ ಎಂಬುದು ಅದರ ಹಿಂದಿನ ತಿಳಿವು. ಮಾನ್ಯರೇ, ದೆಹಲಿಯಲ್ಲಿ ತೆರೆದ ಈ ಬಾಗಿಲು ನಮ್ಮ ತಾಲ್ಲೂಕಿನ ಬಸ್ ನಿಲ್ದಾಣಕ್ಕೆ ಯಾವಾಗ ತಲುಪುತ್ತದೆ?

ನಾವು ಕೇಳುತ್ತಿರುವ ಮಾಹಿತಿ ಎಷ್ಟು ಸರಳವಾದದ್ದು ಎಂಬುದನ್ನೂ ಹೇಳಿಬಿಡುತ್ತೇನೆ. 2005ರಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡ್ ನಗರದ ಸಾರಿಗೆ ಸಂಸ್ಥೆ ಗೂಗಲ್ ಜೊತೆ ಸೇರಿ ಬಸ್ಸಿನ ವಿವರಗಳನ್ನು ಬರೆದಿಡುವ ಒಂದು ರೀತಿ ರೂಪಿಸಿತು. ಇಂದು ಲೋಕವೆಲ್ಲ ಬಳಸುವ ಜಿಟಿಎಫ್‌ಎಸ್ ಅದೇ. ಮೂಲದಲ್ಲಿ ಕೆಲವು ಪಟ್ಟಿಗಳು: ನಿಲುಗಡೆಗಳದೊಂದು, ಮಾರ್ಗಗಳದೊಂದು, ಟ್ರಿಪ್ಪುಗಳದೊಂದು, ಯಾವ ಟ್ರಿಪ್ಪು ಯಾವ ನಿಲುಗಡೆಗೆ ಎಷ್ಟು ಹೊತ್ತಿಗೆ ಎಂಬುದೊಂದು. ನಿಮ್ಮ ಡಿಪೊದ ಶೆಡ್ಯೂಲ್ ಪುಸ್ತಕದಲ್ಲಿರುವುದೇ. ಅದನ್ನು ಈ ಕ್ರಮದಲ್ಲಿ ಜೋಡಿಸಿ ಹೊರಗಿಟ್ಟರೆ ಉಳಿದ ಕೆಲಸ ಬೇರೆಯವರು ಮಾಡುತ್ತಾರೆ. ಕಣ್ಣು ಕಾಣದವರಿಗೆ ‘ಇಳಿಯುವ ಜಾಗ ಬಂತು’ ಎಂದು ಫೋನು ಕನ್ನಡದಲ್ಲಿ ಹೇಳುವಂತೆ ಯಾರೋ ಮಾಡುತ್ತಾರೆ. ಯಾವ ಹೋಬಳಿಯಿಂದ ಬೆಳಿಗ್ಗೆ ಒಂಬತ್ತರೊಳಗೆ ತಾಲ್ಲೂಕು ಆಸ್ಪತ್ರೆ ಮುಟ್ಟಲಾಗುವುದಿಲ್ಲ ಎಂದು ಇನ್ಯಾರೋ ಲೆಕ್ಕ ಹಾಕುತ್ತಾರೆ.

ಕೊಟ್ಟ ಊರುಗಳಿಗೆ ಏನಾಯಿತು? 2005ರ ಜುಲೈ 7ರಂದು ಲಂಡನ್ನಿನ ಮೂರು ಸುರಂಗ ರೈಲುಗಳಲ್ಲಿ, ಒಂದು ಬಸ್ಸಿನಲ್ಲಿ ಬಾಂಬು ಸಿಡಿದು 52 ಜನ ಸತ್ತರು. ಭಯ ಎಂದರೇನು ಎಂದು ಆ ಊರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಅದೇ ಊರಿನ ಸಾರಿಗೆ ಸಂಸ್ಥೆ ಕೆಲವೇ ವರ್ಷಗಳಲ್ಲಿ ತನ್ನ ವೇಳಾಪಟ್ಟಿ, ನಿಲುಗಡೆ, ಈಗ ಬಸ್ಸು ಎಲ್ಲಿದೆ ಎಂಬ ಮಾಹಿತಿಯನ್ನೂ ಎಲ್ಲರಿಗೂ ಬಿಟ್ಟುಕೊಟ್ಟಿತು. ಅದರಿಂದ ಪ್ರಯಾಣಿಕರಿಗೆ, ಊರಿಗೆ, ಸಂಸ್ಥೆಗೆ ವರ್ಷಕ್ಕೆ 13 ಕೋಟಿ ಪೌಂಡಿನವರೆಗೆ ಲಾಭವಾಗುತ್ತಿದೆ ಎಂದು 2017ರಲ್ಲಿ ಡೆಲಾಯ್ಟ್ ಅಂದಾಜು ಮಾಡಿತು. ನಮ್ಮಲ್ಲೇ ಕೊಚ್ಚಿ ಮೆಟ್ರೊ ಮತ್ತು ದೆಹಲಿ ಸರ್ಕಾರ 2018ರಲ್ಲಿ ಸಾರಿಗೆ ಮಾಹಿತಿಯನ್ನು ತೆರೆದಿಟ್ಟವು. ದೇಶದ ರಾಜಧಾನಿಯ ಬಸ್ಸು ಎಲ್ಲಿ ನಿಲ್ಲುತ್ತದೆ ಎಂದು ಹೇಳಬಹುದಾದರೆ ನಮ್ಮ ಊರಿನ ಹಾಲ್ಟ್ ಬಸ್ಸಿನದ್ದನ್ನೂ ಹೇಳಬಹುದು.

ನನಗೆ ಹೆಚ್ಚು ಪಾಠ ಹೇಳಿದ್ದು ದಕ್ಷಿಣ ಕೊರಿಯ. ಅದರ ರಾಜಧಾನಿಯಿಂದ ಶತ್ರುವಿನ ಗಡಿ ಐವತ್ತು ಕಿಲೋಮೀಟರ್ ಆಸುಪಾಸಿನಲ್ಲೇ ಇದೆ. ಸೂಕ್ಷ್ಮ ವಿವರದ ನಕ್ಷೆಯನ್ನು ದೇಶದ ಹೊರಗೆ ಒಯ್ಯಲು ಗೂಗಲ್ ಕೇಳಿದಾಗ 2007ರಲ್ಲೂ 2016ರಲ್ಲೂ ಭದ್ರತೆಯ ಕಾರಣಕ್ಕೆ ಒಪ್ಪಲಿಲ್ಲ. ಆದರೆ ಅದೇ ದೇಶದಲ್ಲಿ ಬಸ್ಸು ಈಗ ಎಲ್ಲಿದೆ ಎಂಬ ಮಾಹಿತಿ ಸರ್ಕಾರದ ತೆರೆದ ದತ್ತಾಂಶ ಜಾಲದಲ್ಲಿ ಯಾರಿಗಾದರೂ ಸಿಗುತ್ತದೆ. 2009ರಲ್ಲಿ ಸೋಲ್ ನಗರದ ಬಸ್ಸುಗಳಿಗೆ ಒಂದು ಆ್ಯಪ್ ಮಾಡಿದವನು ಒಬ್ಬ ಹೈಸ್ಕೂಲು ಹುಡುಗ. ಪಕ್ಕದ ಪ್ರಾಂತದ ಆಡಳಿತ ತನ್ನ ಮಾಹಿತಿಯನ್ನು ಅನುಮತಿಯಿಲ್ಲದೆ ಬಳಸಿದ್ದಾನೆಂದು ತಡೆಹಿಡಿಯಿತು. ಜನ ಸಿಟ್ಟಾದರು, ಆಡಳಿತ ಬೇಗನೆ ತಡೆ ತೆಗೆಯಿತು. ಆ ಹುಡುಗನ ಸುದ್ದಿಯನ್ನು ನನ್ನ ಮಕ್ಕಳಿಗೆ ಹೇಳಿದ ದಿನವೇ ಅವರು ನಮ್ಮ ಅರ್ಜಿಯ ಒಕ್ಕಣೆ ಬರೆಯಲು ಕೂತದ್ದು.

ಹಾಗಾದರೆ ಏನನ್ನೂ ಮುಚ್ಚಿಡಬಾರದೇ? ಮುಚ್ಚಿಡಬೇಕಾದದ್ದು ಬೇಕಷ್ಟಿದೆ. ಸಿಗ್ನಲ್ ವ್ಯವಸ್ಥೆಯ ಒಳವಿನ್ಯಾಸ, ಸುರಂಗದ ಗಾಳಿ ಮತ್ತು ವಿದ್ಯುತ್ತಿನ ನಕ್ಷೆ, ಡಿಪೊದ ಇಂಧನ ಸಂಗ್ರಹ, ಕಾವಲಿನವರ ಪಾಳಿ, ದಿನದ ಕಲೆಕ್ಷನ್ ಹಣ ಬ್ಯಾಂಕಿಗೆ ಹೋಗುವ ಹೊತ್ತು. ಇವನ್ನು ಯಾರಾದರೂ ಕೇಳಿದರೆ ಕೊಡಬೇಡಿ. ನಾವು ಕೇಳಿಯೂ ಇಲ್ಲ.

ಇನ್ನೊಂದನ್ನಂತೂ ಈಗಿನದಕ್ಕಿಂತ ಬಿಗಿಯಾಗಿ ಕಾಯಬೇಕು. ಬಸ್ಸು ಹೋಗುವ ದಾರಿ ಬೇರೆ, ಆ ಬಸ್ಸಿನಲ್ಲಿ ಕೂತ ಹೆಣ್ಣುಮಗಳು ಹೋಗುವ ದಾರಿ ಬೇರೆ. ಮೊದಲನೆಯದು ಎಲ್ಲರದು, ಎರಡನೆಯದು ಅವಳದು. ಆಸ್ಟ್ರೇಲಿಯದ ಮೆಲ್ಬರ್ನ್ ಇರುವ ವಿಕ್ಟೋರಿಯ ರಾಜ್ಯದಲ್ಲಿ 2018ರಲ್ಲಿ ಒಂದು ಸ್ಪರ್ಧೆಗೆಂದು ಸುಮಾರು 1 ಕೋಟಿ 50 ಲಕ್ಷ ಪ್ರಯಾಣದ ಕಾರ್ಡುಗಳ ಓಡಾಟದ ವಿವರ ಕೊಟ್ಟರು. ಹೆಸರು ಅಳಿಸಿದ್ದೇವೆ, ಚಿಂತೆಯಿಲ್ಲ ಎಂದುಕೊಂಡಿದ್ದರು. ಒಬ್ಬರು ಎರಡು ಮೂರು ಸಲ ಎಲ್ಲಿ ಯಾವಾಗ ಹತ್ತಿದರೆಂದು ಗೊತ್ತಿದ್ದರೆ ಸಾಕು, ಅವರ ಇಡೀ ಓಡಾಟವನ್ನು ಬಿಡಿಸಿ ನೋಡಬಹುದೆಂದು ಸಂಶೋಧಕರು ತೋರಿಸಿದರು. 2018ರ ಜನವರಿಯಲ್ಲಿ ಸ್ಟ್ರಾವಾ ಎಂಬ ಓಟದ ಆ್ಯಪ್ಪಿನ ನಕ್ಷೆಯಲ್ಲಿ ಸೈನಿಕ ಶಿಬಿರಗಳು ಬೆಳಗಿ ಕಂಡದ್ದೂ ಹೀಗೆಯೇ: ಗುಟ್ಟು ಬಿಟ್ಟುಕೊಟ್ಟದ್ದು ರಸ್ತೆಯ ನಕ್ಷೆಯಲ್ಲ, ಓಡಿದವರ ಹೆಜ್ಜೆ. ಟಿಕೆಟ್ ಮೆಷಿನ್ನು, ಕಾರ್ಡು, ಫೋನು, ಕ್ಯಾಮೆರಾಗಳಿಂದ ನೀವು ಈಗ ದಿನಾ ಇಂಥ ಹೆಜ್ಜೆಗಳನ್ನು ಕೂಡಿಡುತ್ತಿದ್ದೀರಿ. ಭದ್ರತೆಯ ಮಾತು ಅಲ್ಲಿ ಬರಲಿ. ಅವು ಎಷ್ಟು ದಿನ ಉಳಿಯುತ್ತವೆ, ಯಾರು ನೋಡುತ್ತಾರೆ, ಯಾವಾಗ ಅಳಿಸುತ್ತೀರಿ ಎಂದು ಹೇಳಿ.

2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸರ್ಕಾರಿ ಬಸ್ಸಿನ ಟಿಕೆಟ್ಟು ಉಚಿತವಾಯಿತು. ಅದುವರೆಗೆ ತವರಿಗೂ ಲೆಕ್ಕ ಹಾಕಿ ಹೋಗುತ್ತಿದ್ದವರು ಈಗ ಆಸ್ಪತ್ರೆಗೆ, ಸಂತೆಗೆ, ಪರೀಕ್ಷೆಗೆ, ಹೊಸ ಕೆಲಸಕ್ಕೆ ಎಂದೂ ಕಾಣದ ಊರುಗಳಿಗೆ ಹೊರಟಿದ್ದಾರೆ. ಸರ್ಕಾರ ಅವರ ಕೈಗೆ ಟಿಕೆಟ್ಟು ಕೊಟ್ಟಿತು. ಯಾವ ಬಸ್ಸು ಎಂಬುದನ್ನು ಮಾತ್ರ ಅವರು ಇಂದಿಗೂ ನಿಲ್ದಾಣದಲ್ಲಿ ಗುರುತಿಲ್ಲದ ಗಂಡಸರನ್ನು ಕೇಳಿಯೇ ತಿಳಿಯಬೇಕು. ಸಂಜೆ ಏಳರ ಮೇಲೆ, ಪರ ಊರಿನಲ್ಲಿ, ‘ಇನ್ನು ಬಸ್ಸು ಇದೆಯಾ ಅಣ್ಣ?’ ಎಂದು ಕೇಳುವಾಗ ತಾನು ಒಂಟಿ, ಬಸ್ಸು ತಪ್ಪಿದೆ ಎಂಬುದನ್ನೂ ಆಕೆ ಹೇಳಿಬಿಟ್ಟಿರುತ್ತಾಳೆ. ಒಂದು ರಾತ್ರಿ ನಾನೂ ಹಾಗೆ ಕೇಳಿದ್ದೇನೆ. ಆ ಹೊತ್ತಿನಲ್ಲಿ ಒಂದು ವೇಳಾಪಟ್ಟಿ ಕೈಯಲ್ಲಿದ್ದರೆ ಅದೇ ಭದ್ರತೆ. ನಿಮ್ಮ ಒಂದು ಸಾಲಿನ ಉತ್ತರದಲ್ಲಿರುವ ಆ ಪದವನ್ನು ಓದಿದಾಗ ನನಗೆ ಮೊದಲು ನೆನಪಾದದ್ದು ಆ ರಾತ್ರಿಯೇ.

ಕಾನೂನಿನ ಮಾತು ಚಿಕ್ಕದಾಗಿ. 2005ರ ಮಾಹಿತಿ ಹಕ್ಕು ಕಾಯ್ದೆಯ 8ನೆಯ ಪ್ರಕರಣ ದೇಶದ ಭದ್ರತೆಗೆ ಧಕ್ಕೆಯಾಗುವ ಮಾಹಿತಿಯನ್ನು ತಡೆಯಲು ನಿಮಗೆ ಅಧಿಕಾರ ಕೊಟ್ಟಿದೆ, ಒಪ್ಪಿದೆ. ಆದರೆ ನಿರಾಕರಿಸುವಾಗ ಕಾರಣ ತಿಳಿಸಬೇಕೆಂದು 7ನೆಯ ಪ್ರಕರಣ ಹೇಳುತ್ತದೆ. ಕೊಡಬಾರದ ಭಾಗ ಬೇರೆ ಮಾಡಿ ಉಳಿದದ್ದನ್ನು ಕೊಡಬಹುದೆಂದು 10ನೆಯದು ಹೇಳುತ್ತದೆ. ಮೇಲ್ಮನವಿಯಲ್ಲಿ ನಿರಾಕರಣೆ ಸರಿ ಎಂದು ಸಾಬೀತು ಮಾಡುವ ಹೊಣೆ ನಿರಾಕರಿಸಿದವರದು ಎಂದು 19ನೆಯದು ಹೇಳುತ್ತದೆ. ಎಲ್ಲಕ್ಕೂ ಮೊದಲು 4ನೆಯ ಪ್ರಕರಣದ ಆಶಯ, ಜನ ಅರ್ಜಿಯನ್ನೇ ಹಾಕಬೇಕಾಗದಂತೆ ಕಚೇರಿ ತಾನಾಗಿ ಮಾಹಿತಿ ಪ್ರಕಟಿಸಬೇಕು ಎಂಬುದು. ಮೇಲ್ಮನವಿ ಹಾಕಿದ್ದೇವೆ. ಅದರಲ್ಲಿ ಗೆಲ್ಲುವುದಕ್ಕಿಂತ ನಿಮ್ಮ ಮನಸ್ಸು ಒಪ್ಪುವುದು ನನಗೆ ಹೆಚ್ಚಿನದು. ಇಲ್ಲದಿದ್ದರೆ ಪಕ್ಕದ ತಾಲ್ಲೂಕಿನ ಮಕ್ಕಳು ಮತ್ತೆ ಮೊದಲಿನಿಂದ ಅರ್ಜಿ ಬರೆಯಬೇಕಾಗುತ್ತದೆ.

ಈ ಪತ್ರದ ಜೊತೆಗೆ ನಮ್ಮ ಮಕ್ಕಳ ಪಟ್ಟಿಯ ಪ್ರತಿಯನ್ನು ಲಗತ್ತಿಸಿದ್ದೇನೆ. ನೀಲಿ ಶಾಯಿಯಲ್ಲಿರುವುದು ಅವರು ಕಣ್ಣಾರೆ ನೋಡಿ ಬರೆದದ್ದು, ಪೆನ್ಸಿಲಿನಲ್ಲಿರುವುದು ಕೇಳಿ ಬರೆದದ್ದು. ಮೂವತ್ತೊಂದು ನಿಲುಗಡೆಗಳ ಎದುರು ಜಾಗ ಖಾಲಿ ಬಿಟ್ಟಿದ್ದೇವೆ. ತಪ್ಪಿರುವಲ್ಲಿ ಕೆಂಪು ಶಾಯಿಯಲ್ಲಿ ತಿದ್ದಿ, ಖಾಲಿ ಇರುವಲ್ಲಿ ತುಂಬಿ, ಜೂನ್ ತಿಂಗಳಲ್ಲಿ ಹೊಸ ತರಗತಿ ಶುರುವಾಗುವ ಮುಂಚೆ ಕಳುಹಿಸಿಕೊಡಿ. ಆ ವಾರ ದೂರದ ಊರುಗಳಿಂದ ಹೊಸ ಮಕ್ಕಳು ಬರುತ್ತಾರೆ, ಅವರ ಅಪ್ಪ ಅಮ್ಮಂದಿರು ಮೊದಲು ಕೇಳುವುದು ಸಂಜೆಯ ಬಸ್ಸಿನ ವಿಚಾರವನ್ನೇ.

ಇತಿ,
ತಮ್ಮ ವಿಶ್ವಾಸಿ,
ಒಬ್ಬ ಭೂಗೋಳ ಶಿಕ್ಷಕಿ